ಎಂಎಸ್‌ಡಬ್ಲ್ಯೂ ಮಾಡಿದ ಮೇಲೆ ಯಾವ ದಾರಿ? ಹಳ್ಳಿ, ಆಸ್ಪತ್ರೆ, ಕಾರ್ಖಾನೆ, ಸರ್ಕಾರಿ ಕಚೇರಿ

ಡಿಗ್ರಿಯ ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿಯುವ ಹೊತ್ತಿಗೆ ನನಗೆ ಫೋನ್ ಬರುವುದು ಜಾಸ್ತಿ. ಹೋದ ವಾರ ಸಿಂಧನೂರು ಕಡೆಯ ಹುಡುಗಿಯೊಬ್ಬಳು ಮಾಡಿದ್ದಳು. "ಅಕ್ಕಾ, ಎಂಎಸ್‌ಡಬ್ಲ್ಯೂ ಮಾಡ್ಬೇಕಂತ ಮಾಡೀನ್ರಿ. ಅಪ್ಪ ಎಚ್‌ಆರ್ ತಗೋ ಅಂತಾರ, ಪಗಾರ ಚೊಲೋ ಬರ್ತದಂತ. ನನಗ ಹಳ್ಳಿ ಹೆಣ್ಮಕ್ಕಳ ಜೋಡಿ ಕೆಲಸ ಮಾಡೋ ಆಸೆ. ಮಾವ ನೋಡಿದ್ರ ಧಾರವಾಡಕ್ಕ ಹೋಗಿ ಕೋಚಿಂಗ್ ಸೇರು ಅಂತಾರ. ಯಾವ್ದು ಚೊಲೋರಿ?"

ಎಂಎಸ್‌ಡಬ್ಲ್ಯೂ ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಎಚ್‌ಆರ್ ಅಂದರೆ ಕಂಪನಿ, ಕಾರ್ಖಾನೆಗಳ ಸಿಬ್ಬಂದಿ ವಿಭಾಗದ ಕೆಲಸ. ಇಂಥ ಪ್ರಶ್ನೆ ಕೇಳುವವರು ತುಂಬ ಜನ ಇದ್ದಾರೆ. ನಾನು ಮೊದಲು ಹಳ್ಳಿಗಳಲ್ಲಿ ಒಂದು ಸಂಸ್ಥೆಯ ಪರವಾಗಿ ಓಡಾಡಿದವಳು, ಆಮೇಲೆ ಆಸ್ಪತ್ರೆಗೆ ಬಂದವಳು. ಜೊತೆಗೆ ಓದಿದವರು ಕಾರ್ಖಾನೆಯಲ್ಲೂ ಇದ್ದಾರೆ, ಸರ್ಕಾರಿ ಇಲಾಖೆಯಲ್ಲೂ ಇದ್ದಾರೆ. ಅವಳಿಗೆ ಫೋನಿನಲ್ಲಿ ಗಡಿಬಿಡಿಯಲ್ಲಿ ಹೇಳಿದ್ದನ್ನು ಇಲ್ಲಿ ನಿಧಾನವಾಗಿ ಬರೆಯುತ್ತೇನೆ.

ಮೊದಲು ಒಂದು ಮಾತು. ಸಮಾಜಸೇವೆ ಬೇರೆ, ಸಮಾಜಕಾರ್ಯ ಬೇರೆ. ಹಬ್ಬದ ದಿನ ಅನಾಥಾಲಯದಲ್ಲಿ ಊಟ ಬಡಿಸುವುದು ಸೇವೆ. ಅದು ಒಳ್ಳೆಯದೇ. ಸಮಾಜಕಾರ್ಯ ಎಂದರೆ ಓದಿ, ತರಬೇತಿ ಪಡೆದು, ಸಂಬಳಕ್ಕೆ ಮಾಡುವ ವೃತ್ತಿ. 1936ರಲ್ಲಿ ಮುಂಬೈಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಶಾಲೆ ಶುರುವಾಯಿತು. ಈಗ ಅದನ್ನೇ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಅನ್ನುತ್ತೇವೆ. ನಮ್ಮಲ್ಲಿ ಮಂಗಳೂರಿನ ರೋಶನಿ ನಿಲಯ 1960ರಿಂದ ಈ ವಿಷಯ ಕಲಿಸುತ್ತಿದೆ. ಅಷ್ಟು ಹಳೆಯ ವೃತ್ತಿ ಇದು. ಹಾಗಾಗಿ "ಸಂಬಳ ಎಷ್ಟು?" ಅಂತ ಕೇಳಲು ನಾಚಿಕೆ ಬೇಡ. ಸಂಬಳ ಕೇಳಿದ ತಕ್ಷಣ ನಿಮ್ಮ ಕಳಕಳಿ ಕಡಿಮೆಯಾಗುವುದಿಲ್ಲ.

ಯಾವುದರಿಂದ ಅಳೆಯಬೇಕು

ಎಲ್ಲಕ್ಕಿಂತ ಮೊದಲು ಮನೆಯ ಲೆಕ್ಕ. ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ಕೆಲಸಕ್ಕೆ ಸೇರಿದ ಮೊದಲ ತಿಂಗಳಿಂದಲೇ ಮನೆಗೆ ದುಡ್ಡು ಕಳಿಸಬೇಕಾ? ಎಷ್ಟು? ಓದಿನ ಸಾಲ ಇದೆಯಾ? ತಮ್ಮ, ತಂಗಿ ಇನ್ನೂ ಓದುತ್ತಿದ್ದಾರಾ? ಮನೆಗೆ 8,000 ಕಳಿಸಲೇಬೇಕು, ಸಾಲದ ಕಂತು 4,000 ಅಂತಿಟ್ಟುಕೊಳ್ಳಿ. ಅದರ ಮೇಲೆ ನಿಮ್ಮ ಬಾಡಿಗೆ, ಊಟ, ಬಸ್ಸು. ನಾನು ನೋಡಿದ ಮಟ್ಟಿಗೆ ಸಣ್ಣ ಸ್ವಯಂಸೇವಾ ಸಂಸ್ಥೆಗಳಲ್ಲಿ ಹೊಸಬರಿಗೆ ಸಿಗುವುದು 15,000ದಿಂದ 20,000ದ ಆಸುಪಾಸು. ಅದರಲ್ಲಿ ಇದೆಲ್ಲ ಕೂರುವುದಿಲ್ಲ. ಈ ಲೆಕ್ಕ ಹಾಕದೆ ಆಸೆಯ ಹಿಂದೆ ಹೋದವರು ಒಂದೂವರೆ ವರ್ಷಕ್ಕೆ ಬೇಸತ್ತು ಬಿಟ್ಟಿದ್ದನ್ನು ಕಂಡಿದ್ದೇನೆ. ಅವರಲ್ಲಿ ಕೆಲವರು ತುಂಬಾ ಒಳ್ಳೆಯ ಕೆಲಸಗಾರರು. ಅದೇ ಬೇಜಾರು.

ಎರಡನೆಯದು, ದಿನ ಹೇಗೆ ಕಳೆಯುತ್ತದೆ ಅನ್ನುವುದು. ಹುದ್ದೆಯ ಹೆಸರು ನೋಡಬೇಡಿ. ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಜನರ ಎದುರು ಕೂರುತ್ತೀರಾ, ಕಡತದ ಎದುರಾ, ಬಸ್ಸಿನಲ್ಲಾ? ಮೂರನೆಯದು ಭದ್ರತೆ. ಪ್ರಾಜೆಕ್ಟ್ ಮುಗಿದರೆ ಕೆಲಸ ಉಳಿಯುತ್ತದಾ? ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ, ನನಗೆ ಮಾತ್ರ ಅದು ತುಂಬ ಮುಖ್ಯ. ಮನಸ್ಸಿನ ಮೇಲೆ ಬೀಳುವ ಭಾರ ಎಷ್ಟು, ಆ ಭಾರ ಇಳಿಸಿಕೊಳ್ಳಲು ಅಲ್ಲಿ ಹಿರಿಯರು ಯಾರಾದರೂ ಇದ್ದಾರಾ? ಕೊನೆಯದು, ಐದು ವರ್ಷದ ನಂತರ ಬೇರೆ ಕಡೆ ಹೋಗಬೇಕೆನಿಸಿದರೆ ಬಾಗಿಲು ತೆರೆದಿರುತ್ತದಾ?

ಹಳ್ಳಿಯ ಕೆಲಸ, ಸ್ವಯಂಸೇವಾ ಸಂಸ್ಥೆ

ಕರ್ನಾಟಕದಲ್ಲಿ ಈ ದಾರಿಗೆ ದೊಡ್ಡ ಪರಂಪರೆಯೇ ಇದೆ. 1968ರಲ್ಲಿ ಹುಟ್ಟಿದ ಮೈರಾಡ ಅನ್ನುವ ಸಂಸ್ಥೆ ಎಂಬತ್ತರ ದಶಕದಲ್ಲಿ ಹಳ್ಳಿ ಹೆಂಗಸರ ಸಣ್ಣ ಸಣ್ಣ ಉಳಿತಾಯ ಗುಂಪುಗಳ ಜೊತೆ ಕೆಲಸ ಮಾಡಿತು. ಅಂಥ ಗುಂಪುಗಳಿಗೆ ಬ್ಯಾಂಕ್ ಸಾಲ ಸಿಗುವ ವ್ಯವಸ್ಥೆಯನ್ನು ನಬಾರ್ಡ್ (ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್) 1992ರಲ್ಲಿ ಶುರುಮಾಡಿತು. ಇವತ್ತು ಊರೂರಲ್ಲಿರುವ ಸ್ವಸಹಾಯ ಸಂಘದ ಬೇರು ಅಲ್ಲಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಡಾ. ಸುದರ್ಶನ್ ಅವರು, ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನವರು ಎಂಬತ್ತರ ದಶಕದಿಂದ ಮಾಡಿದ ಕೆಲಸ ನೋಡಿದರೆ, ಒಂದೇ ಜಾಗದಲ್ಲಿ ತಳವೂರಿ ನಿಂತರೆ ಏನಾಗುತ್ತದೆ ಅನ್ನುವುದು ಗೊತ್ತಾಗುತ್ತದೆ.

ದಿನ ಹೇಗಿರುತ್ತದೆ ಹೇಳುತ್ತೇನೆ. ಸಂಘದ ಸಭೆ ಬೆಳಗ್ಗೆ ನಡೆಯುವುದಿಲ್ಲ. ಹೆಣ್ಣುಮಕ್ಕಳು ಹೊಲದಿಂದ ಬಂದು, ಒಲೆ ಹಚ್ಚಿ, ಮಕ್ಕಳಿಗೆ ಊಟ ಕೊಟ್ಟ ಮೇಲೆ, ರಾತ್ರಿ ಎಂಟಕ್ಕೆ ಸೇರುತ್ತಾರೆ. ಸಭೆ ಮುಗಿಯುವಷ್ಟರಲ್ಲಿ ಕೊನೆಯ ಬಸ್ಸು ಹೋಗಿರುತ್ತದೆ. ಯಾರದೋ ಮನೆಯಲ್ಲಿ ಮಲಗುತ್ತೀರಿ. ನನಗೆ ಜನ ಅರ್ಥವಾಗಿದ್ದು ಆ ರಾತ್ರಿಗಳಲ್ಲಿ. ಸಭೆಯಲ್ಲಿ ಬಾಯಿ ಬಿಡದವಳು ರೊಟ್ಟಿ ಬಡಿಯುತ್ತಾ ಗಂಡನ ಸಾಲದ ವಿಷಯ ಹೇಳುತ್ತಾಳೆ. ಆದರೆ ಈ ಓಡಾಟಕ್ಕೆ ಮನೆಯವರ ಒಪ್ಪಿಗೆ ಬೇಕು, ಗಾಡಿ ಓಡಿಸಲು ಬರಬೇಕು, ಸಂಸ್ಥೆ ನಿಮ್ಮ ಸುರಕ್ಷತೆಗೆ ಹೊಣೆ ಹೊರಬೇಕು. ಹೆಣ್ಣುಮಕ್ಕಳು ಇಂಟರ್‌ವ್ಯೂನಲ್ಲೇ ಕೇಳಿ: ರಾತ್ರಿ ಸಭೆ ಇದ್ದರೆ ಉಳಿಯಲು ಏನು ವ್ಯವಸ್ಥೆ? ಜೊತೆಗೆ ಯಾರಿರುತ್ತಾರೆ?

ಇನ್ನು ಭದ್ರತೆ. ಸಂಸ್ಥೆಗಳ ಹಣ ಸಾಮಾನ್ಯವಾಗಿ ಎರಡು ಮೂರು ವರ್ಷದ ಪ್ರಾಜೆಕ್ಟ್ ರೂಪದಲ್ಲಿ ಬರುತ್ತದೆ. ವಿದೇಶಿ ದೇಣಿಗೆಯ ಕಾನೂನಿಗೆ 2020ರಲ್ಲಿ ತಂದ ತಿದ್ದುಪಡಿ ಈ ಕ್ಷೇತ್ರವನ್ನು ಅಲುಗಾಡಿಸಿತು. ಆಡಳಿತದ ಖರ್ಚಿಗೆ ಬಳಸಬಹುದಾದ ಪಾಲು ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಸಣ್ಣ ಸಂಸ್ಥೆಗೆ ಹಂಚುವುದೂ ನಿಂತಿತು. ದೊಡ್ಡವರ ಹಣವನ್ನೇ ನಂಬಿದ್ದ ಸಣ್ಣ ಸಂಸ್ಥೆಗಳಿಗೆ ಇದರ ಪೆಟ್ಟು ಜೋರಾಗಿ ಬಿತ್ತು. ಆದ್ದರಿಂದ ಸೇರುವ ಮುಂಚೆ ಮೂರು ವಿಷಯ ತಿಳಿದುಕೊಳ್ಳಿ. ಈ ಪ್ರಾಜೆಕ್ಟ್ ಯಾವಾಗ ಮುಗಿಯುತ್ತದೆ? ಹಣ ಕೊಡುವವರು ಒಬ್ಬರೇನಾ, ಹಲವರಾ? ಹಳೆಯ ಪ್ರಾಜೆಕ್ಟಿನಲ್ಲಿದ್ದವರು ಈಗ ಎಲ್ಲಿದ್ದಾರೆ? ನನ್ನ ಮೊದಲ ಕೆಲಸದಲ್ಲಿ ನಾನು ಇದನ್ನು ಕೇಳಲಿಲ್ಲ. ಮಾರ್ಚ್ ತಿಂಗಳಲ್ಲಿ ಒಂದು ದಿನ ಎಲ್ಲರನ್ನೂ ಕೂರಿಸಿ, ಏಪ್ರಿಲ್‌ನಿಂದ ಸಂಬಳ ಇಲ್ಲ ಅಂದರು. ನಾವು ಕಟ್ಟಿದ ಹದಿನಾಲ್ಕು ಸಂಘಗಳಿಗೆ ಹೋಗಿ ಹೇಳಿ ಬರಲೂ ಪುರಸೊತ್ತು ಸಿಗಲಿಲ್ಲ. ಕೆಲಸ ಹೋಗಿದ್ದಕ್ಕಿಂತ ಆ ನೋವೇ ನನ್ನಲ್ಲಿ ಜಾಸ್ತಿ ಉಳಿದಿದೆ.

ಇಷ್ಟಾದರೂ, ಮೊದಲ ಎರಡು ಮೂರು ವರ್ಷ ದುಡ್ಡಿನ ಒತ್ತಡ ಇಲ್ಲದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಇಲ್ಲಿ ಕಲಿತದ್ದು ಮುಂದೆ ಎಲ್ಲಿ ಹೋದರೂ ಕೈ ಹಿಡಿಯುತ್ತದೆ. ಕಂಪನಿಗಳ ಸಿಎಸ್‌ಆರ್ ವಿಭಾಗಕ್ಕೆ ಹೋಗುವವರೂ ಇಲ್ಲಿಂದ ಹೋದರೆ ಒಳ್ಳೆಯದು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಆ ಹಣ ಎಲ್ಲಿಗೆ ಹೋಗಬೇಕು ಎಂದು ನೋಡುವವರಿಗೆ ಸಂಬಳ ಚೆನ್ನಾಗಿದೆ, ಹುದ್ದೆ ಕಡಿಮೆ. ಹಳ್ಳಿ ನೋಡದವರು ಅಲ್ಲಿ ಕೂತರೆ ಬರೀ ವರದಿ ಓದಬೇಕಾಗುತ್ತದೆ.

ಆಸ್ಪತ್ರೆ ಮತ್ತು ಮನೋರೋಗ ವಿಭಾಗ

ಇದು ನನ್ನ ಈಗಿನ ಜಾಗ. ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಡಾಕ್ಟರು ಕಾಯಿಲೆ ನೋಡುತ್ತಾರೆ. ಆ ಕಾಯಿಲೆಯವರು ವಾಪಸ್ ಯಾವ ಮನೆಗೆ ಹೋಗುತ್ತಾರೆ ಅನ್ನುವುದನ್ನು ನಾವು ನೋಡುತ್ತೇವೆ. ಮಾತ್ರೆ ತೆಗೆದುಕೊಂಡು ಹುಷಾರಾದ ತಕ್ಷಣ ಮನೆಯವರು ನಿಲ್ಲಿಸಿಬಿಡುತ್ತಾರೆ, ಮೂರು ತಿಂಗಳಿಗೆ ಮತ್ತೆ ಬರುತ್ತಾರೆ. ಏಕೆ ನಿಲ್ಲಿಸಿದಿರಿ ಅಂತ ಬೈದರೆ ಆಗುವುದಿಲ್ಲ. ಬಸ್ ಚಾರ್ಜಿಗೆ ದುಡ್ಡಿತ್ತಾ, ಕೂಲಿ ತಪ್ಪಿಸಿ ಕರೆದುಕೊಂಡು ಬರುವವರಿದ್ದರಾ, ಪೂಜಾರಿ ಏನು ಹೇಳಿದ, ಮಗಳ ಮದುವೆ ಮಾತುಕತೆ ನಡೆದಿತ್ತಾ, ಇಷ್ಟನ್ನೂ ಕೇಳಬೇಕು. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಮಾಡಿಸಬೇಕು. 2016ರ ಕಾಯ್ದೆಯ 21 ಬಗೆಯ ಅಂಗವಿಕಲತೆಯಲ್ಲಿ ಮಾನಸಿಕ ಕಾಯಿಲೆಯೂ ಇದೆ ಅನ್ನುವುದು ಬಹಳ ಮನೆಗಳಿಗೆ ಗೊತ್ತೇ ಇರುವುದಿಲ್ಲ. ಬೀದಿಯಲ್ಲಿ ಸಿಕ್ಕಿ ದಾಖಲಾದವರು ಮಾತಾಡಲು ಶುರುಮಾಡಿದಾಗ ಅವರ ಊರು ಹುಡುಕಬೇಕು. ಹೇಳಿದ ಅರ್ಧ ಹೆಸರು ಹಿಡಿದು ಊರಿನ ಪೊಲೀಸ್ ಠಾಣೆಗೆ, ಪಂಚಾಯಿತಿಗೆ ಫೋನ್ ಮಾಡುತ್ತಾ ಕೂರಬೇಕು.

ಅಣ್ಣನೊಬ್ಬ ಹನ್ನೊಂದು ವರ್ಷದ ನಂತರ ತಂಗಿಯನ್ನು ವಾರ್ಡಿನಲ್ಲಿ ನೋಡಿದ ದಿನ ನಾನು ಅಲ್ಲೇ ನಿಂತಿದ್ದೆ. ಕರೆದುಕೊಂಡು ಹೋಗಲು ಯಾರೂ ಬಾರದ ದಿನಗಳಲ್ಲೂ ನಿಂತಿದ್ದೇನೆ. ಎರಡನೆಯದೇ ಜಾಸ್ತಿ. ಈ ಭಾರ ಮನೆಗೆ ಬರುತ್ತದೆ, ಊಟದ ತಟ್ಟೆಯ ಮುಂದೆ ಕೂರುತ್ತದೆ. ವಾರಕ್ಕೊಮ್ಮೆ ಹಿರಿಯರ ಜೊತೆ ಕೇಸ್‌ಗಳ ಬಗ್ಗೆ ಮಾತಾಡುವ ಪದ್ಧತಿ ಇರುವ ಆಸ್ಪತ್ರೆಗೇ ಸೇರಿ. ಇಲ್ಲದ ಕಡೆ ಸಂಬಳ ಜಾಸ್ತಿ ಕೊಟ್ಟರೂ ಎರಡು ಸಲ ಯೋಚಿಸಿ.

ಓದು ಇಲ್ಲಿ ಉದ್ದ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಎನಿಸಿಕೊಳ್ಳಲು ಎಂಎಸ್‌ಡಬ್ಲ್ಯೂ ಸಾಲದು. ಅದರ ಮೇಲೆ ಎರಡು ವರ್ಷದ, ಪೂರ್ಣಾವಧಿಯ ಎಂ.ಫಿಲ್ ಬೇಕು. ನಿಮ್ಹಾನ್ಸ್ ಈ ಕೋರ್ಸಿಗೆ ದೇಶದಲ್ಲೇ ಹೆಸರಾದ ಜಾಗ. ಆದರೆ ಒಂದು ಎಚ್ಚರಿಕೆ. ಯುಜಿಸಿ 2022ರಲ್ಲಿ ಎಂ.ಫಿಲ್ ಪದವಿಯನ್ನೇ ನಿಲ್ಲಿಸಿತು. ಈ ಕೋರ್ಸಿಗೂ ಕ್ಲಿನಿಕಲ್ ಸೈಕಾಲಜಿಗೂ ಮಾತ್ರ 2025-26ರ ತನಕ ಪ್ರವೇಶಕ್ಕೆ ಅವಕಾಶ ಕೊಟ್ಟಿತ್ತು. ಹಾಗಾಗಿ ನಿಮ್ಮ ವರ್ಷದ ಪ್ರವೇಶ ಪ್ರಕಟಣೆಯನ್ನು ಸಂಸ್ಥೆಯಿಂದಲೇ ಪಡೆದು ಓದಿ. ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ.

ಅಷ್ಟು ಓದಲು ಆಗದವರಿಗೂ ಆಸ್ಪತ್ರೆಯ ದಾರಿ ಮುಚ್ಚಿಲ್ಲ. ಕ್ಯಾನ್ಸರ್ ವಿಭಾಗ, ಡಯಾಲಿಸಿಸ್, ಎಚ್‌ಐವಿ ಆಪ್ತಸಮಾಲೋಚನೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, 14416 ನಂಬರಿನ ಟೆಲಿ ಮನಸ್ ಸಹಾಯವಾಣಿ, ಹೀಗೆ ಜಾಗಗಳಿವೆ. ಇವುಗಳಲ್ಲಿ ಬಹಳಷ್ಟು ಗುತ್ತಿಗೆ ಹುದ್ದೆಗಳು. ಇನ್ನೊಂದು ವಿಷಯ. ನಮ್ಮ ದೇಶದಲ್ಲಿ ವಕೀಲರಿಗೆ ಇರುವಂಥ ಕೌನ್ಸಿಲ್ ಒಟ್ಟಾರೆ ಸಮಾಜಕಾರ್ಯಕ್ಕೆ ಇಲ್ಲ. ಬೇರೆ ವಿಷಯ ಓದಿದವರೂ ನಮ್ಮ ಹುದ್ದೆಗಳಿಗೆ ಪೈಪೋಟಿಗೆ ಬರುತ್ತಾರೆ. 2021ರ ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆ ಮಾತ್ರ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಮುಂದೆ ವೃತ್ತಿಗೆ ಗುರುತು ಸಿಗುವ ಭರವಸೆ ಈ ದಾರಿಯಲ್ಲೇ ಹೆಚ್ಚು ಅನ್ನುವುದು ನನ್ನ ಅಭಿಪ್ರಾಯ.

ಎಚ್‌ಆರ್, ಕಾರ್ಮಿಕ ಕಲ್ಯಾಣ

ಇದನ್ನು ಆರಿಸಿಕೊಂಡವರನ್ನು "ದುಡ್ಡಿಗೆ ಹೋದರು" ಅಂತ ಹೀಯಾಳಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. 500 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. 2020ರ ಹೊಸ ಕಾರ್ಮಿಕ ಸಂಹಿತೆಯಲ್ಲಿ ಈ ಸಂಖ್ಯೆ 250ಕ್ಕೆ ಇಳಿದಿದೆ. ಅಂದರೆ ಹುದ್ದೆಗಳು ಹೆಚ್ಚಾಗಬೇಕು.

ಕ್ಯಾಂಟೀನ್, ಕೂಸಿನ ಮನೆ, ಇಎಸ್‌ಐ, ಪಿಎಫ್, ಲೈಂಗಿಕ ಕಿರುಕುಳದ ದೂರು ಸಮಿತಿ, ಇವೆಲ್ಲ ನಿಮ್ಮ ಮೇಜಿಗೆ ಬರುತ್ತವೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಪಿಎಫ್ ಹಣ ತೆಗೆಯುವ ನಿಯಮದ ವಿರುದ್ಧ ರಸ್ತೆಗೆ ಇಳಿದಿದ್ದು ನೆನಪಿದೆಯಾ? ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಪಿಎಫ್ ಅಂದರೆ ಅವರಿಗೆ ಕಾಗದದ ಮೇಲಿನ ಅಂಕಿ ಅಲ್ಲ. ಮಗಳ ಮದುವೆ, ಊರಿನ ಮನೆಯ ಸೂರು. ಅದನ್ನು ಅರ್ಥ ಮಾಡಿಕೊಂಡು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರು ಕಾರ್ಖಾನೆಯ ಒಳಗೂ ಬೇಕಲ್ವಾ?

ತೊಡಕು ಎಲ್ಲಿದೆ ಅಂದರೆ, ನಿಮಗೆ ಸಂಬಳ ಕೊಡುವವರು ಆಡಳಿತದವರು, ನಿಮ್ಮನ್ನು ನಂಬಿಕೊಂಡು ಬರುವವರು ಕಾರ್ಮಿಕರು. ಲೈನಿನಲ್ಲಿ ಸೂಪರ್‌ವೈಸರ್ ಕೂಗಾಡಿದ ದೂರು ಬಂದರೆ ನೀವು ಇಬ್ಬರ ನಡುವೆ ನಿಲ್ಲುತ್ತೀರಿ. ಕೆಲವರಿಗೆ ಅದು ಸಾಧ್ಯ. ಕೆಲವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಇನ್ನೊಂದು ವಿಷಯ, ಐಟಿ ಕಂಪನಿಯ ಎಚ್‌ಆರ್ ಕೆಲಸದಲ್ಲಿ ಸಮಾಜಕಾರ್ಯದ ಅಂಶ ಕಡಿಮೆ. ಅಲ್ಲಿ ಎಂಬಿಎ ಮಾಡಿದವರ ಜೊತೆ ಪೈಪೋಟಿ. ಮನೆಯ ಲೆಕ್ಕದಲ್ಲಿ ಮೊದಲ ತಿಂಗಳಿಂದಲೇ ದುಡ್ಡು ಬೇಕು ಅಂತ ಬಂದವರು ಇದನ್ನು ಧೈರ್ಯವಾಗಿ ತೆಗೆದುಕೊಳ್ಳಿ. ಆದರೆ ಪೀಣ್ಯ, ಬೊಮ್ಮಸಂದ್ರ, ಬಿಡದಿಯಂಥ ಕಡೆ ಕಾರ್ಖಾನೆಯಲ್ಲಿ ಶುರುಮಾಡಿ, ಕಾರ್ಮಿಕ ಕಾನೂನು ಗಟ್ಟಿ ಮಾಡಿಕೊಳ್ಳಿ. ಇಲ್ಲಿಂದ ಹಳ್ಳಿಯ ಕೆಲಸಕ್ಕೆ ಹೋಗುವುದು ಕಷ್ಟ, ಏಕೆಂದರೆ ಸಂಬಳ ಇಳಿಸಿಕೊಳ್ಳಲು ಮನೆಯವರು ಒಪ್ಪುವುದಿಲ್ಲ.

ಸರ್ಕಾರಿ ದಾರಿ

ಇಲ್ಲಿ ಎರಡು ಬಗೆ ಇದೆ. ಒಂದು ಕಾಯಂ ಹುದ್ದೆ. ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಅಂಗನವಾಡಿ ಮೇಲ್ವಿಚಾರಕಿ, ಸಮಾಜ ಕಲ್ಯಾಣ ಇಲಾಖೆ, ಕಾರ್ಮಿಕ ಇಲಾಖೆಯ ಹುದ್ದೆಗಳು. ಇನ್ನೊಂದು ಗುತ್ತಿಗೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳಿಗಾಗಿ ಇರುವ ಸಖಿ ಕೇಂದ್ರ, ಮಕ್ಕಳ 1098 ಸಹಾಯವಾಣಿ, ಗ್ರಾಮೀಣ ಜೀವನೋಪಾಯದ ಸಂಜೀವಿನಿ ಯೋಜನೆ. ಎರಡನ್ನೂ "ಸರ್ಕಾರಿ ಕೆಲಸ" ಅಂತ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಕಾಯಂ ಹುದ್ದೆಗೆ ಸಂಬಳ, ರಜೆ, ಮರ್ಯಾದೆ ಎಲ್ಲ ಇದೆ. ಆದರೆ ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ಅಧಿಸೂಚನೆಯಿಂದ ನೇಮಕಾತಿ ಆದೇಶದ ತನಕ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಗುತ್ತಿಗೆ ಕೆಲಸದಲ್ಲಿ ಜವಾಬ್ದಾರಿ ಅಷ್ಟೇ ದೊಡ್ಡದು, ಭದ್ರತೆ ಮಾತ್ರ ಇಲ್ಲ.

ಕಾನೂನಿನ ಬಲ ನಿಮ್ಮ ಕೈಯಲ್ಲಿರುವುದು ಮಾತ್ರ ಈ ದಾರಿಯಲ್ಲಿ. ಹಳ್ಳಿಯಲ್ಲಿ ಹದಿನೈದರ ಹುಡುಗಿಗೆ ಮದುವೆ ಎಂದು ಸುದ್ದಿ ಬಂದರೆ ಸಂಸ್ಥೆಯ ಕಾರ್ಯಕರ್ತೆ ಹೋಗಿ ಬೇಡಿಕೊಳ್ಳಬೇಕು. ಸಿಡಿಪಿಒ ಹೋದರೆ ನಿಲ್ಲಿಸಬಹುದು. ಕರ್ನಾಟಕ 2016ರಲ್ಲಿ ಮಾಡಿಕೊಂಡ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಆದರೆ ಉಳಿದ ದಿನಗಳಲ್ಲಿ ಕಡತ, ಸಭೆ, ಮೊಟ್ಟೆ ವಿತರಣೆಯ ಲೆಕ್ಕ, ಮೇಲಿನವರ ವಿಡಿಯೊ ಕಾನ್ಫರೆನ್ಸ್. ಅದನ್ನೂ ಮನಸ್ಸಿಟ್ಟು ಮಾಡುವವರು ಬೇಕು.

ಕೋಚಿಂಗ್ ಸೇರುವವರಿಗೆ ನನ್ನ ಸಲಹೆ ಇಷ್ಟು: ಎಷ್ಟು ಪ್ರಯತ್ನ ಅಂತ ಮೊದಲೇ ಬರೆದಿಡಿ, ಮನೆಯವರಿಗೂ ಹೇಳಿ. ಸುಮ್ನೆ ಐದಾರು ವರ್ಷ ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕಳೆದು, ಕೈಯಲ್ಲಿ ಅನುಭವವೂ ಇಲ್ಲದೆ ವಾಪಸ್ ಬರುವುದು ಬೇಡ. ಕೆಲಸ ಮಾಡುತ್ತಲೇ ಓದುವುದು ಕಷ್ಟ, ಆದರೆ ಆಗದ ಮಾತಲ್ಲ. ಕಲ್ಯಾಣ ಕರ್ನಾಟಕದವರು ಆ ಭಾಗದ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ, ಅರ್ಜಿಯ ಕೊನೆಯ ದಿನ ಸರ್ಕಾರಿ ಕಚೇರಿಗೆ ಓಡಬೇಡಿ.

ಎಲ್ಲಿ ಓದಬೇಕು

ಇದರಲ್ಲಿ ನನ್ನದು ಒಂದೇ ಅಳತೆ: ಫೀಲ್ಡ್ ವರ್ಕ್. ವಾರಕ್ಕೆ ಎರಡು ದಿನ ನಿಜವಾಗಿ ಹೊರಗೆ ಕಳಿಸುತ್ತಾರಾ? ಬರೆದ ವರದಿಯನ್ನು ಮೇಷ್ಟ್ರು ಓದಿ ಪ್ರಶ್ನೆ ಕೇಳುತ್ತಾರಾ, ಸಹಿ ಮಾತ್ರ ಹಾಕುತ್ತಾರಾ? ಈಗ ಓದುತ್ತಿರುವ ಇಬ್ಬರನ್ನು ಹಿಡಿದು ಕೇಳಿದರೆ ಗೊತ್ತಾಗುತ್ತದೆ. ದುಡ್ಡು ಕಡಿಮೆ ಇದ್ದರೆ ಮೈಸೂರು, ಧಾರವಾಡ, ಕಲಬುರಗಿಯಂಥ ಸರ್ಕಾರಿ ವಿಶ್ವವಿದ್ಯಾಲಯಗಳೇ ಸಾಕು. ಹಾಸ್ಟೆಲ್‌ಗೆ, ಎಸ್‌ಎಸ್‌ಪಿ ಪೋರ್ಟಲಿನ ವಿದ್ಯಾರ್ಥಿವೇತನಕ್ಕೆ ಮೊದಲ ತಿಂಗಳೇ ಅರ್ಜಿ ಹಾಕಿ. ಬೀದರ್, ಕಲಬುರಗಿ, ವಿಜಯಪುರದವರಿಗೆ ಟಿಸ್‌ನ ತುಳಜಾಪುರ ಕ್ಯಾಂಪಸ್ ಬೆಂಗಳೂರಿಗಿಂತ ಹತ್ತಿರ, ಇದನ್ನು ಯಾರೂ ಹೇಳುವುದಿಲ್ಲ. ಇಗ್ನೋದಲ್ಲಿ ದೂರಶಿಕ್ಷಣದ ಎಂಎಸ್‌ಡಬ್ಲ್ಯೂ ಇದೆ. ಈಗಾಗಲೇ ಸಂಸ್ಥೆಯಲ್ಲಿ ದುಡಿಯುತ್ತಿರುವವರಿಗೆ ಅದು ಸರಿ. ಹೊಸಬರಿಗೆ ನಾನು ಹೇಳುವುದಿಲ್ಲ. ವಿದೇಶಕ್ಕೆ ಹೋಗುವ ಯೋಚನೆ ಇದ್ದರೆ ಫೀಲ್ಡ್ ವರ್ಕಿನ ಗಂಟೆಗಳ ದಾಖಲೆಯನ್ನು ಸಹಿ, ಮೊಹರಿನ ಜೊತೆ ಜೋಪಾನ ಮಾಡಿ. ಇಂಗ್ಲೆಂಡಿನಲ್ಲಿ ನೋಂದಣಿ ಇಲ್ಲದೆ ಸೋಶಿಯಲ್ ವರ್ಕರ್ ಅಂತ ಕರೆದುಕೊಳ್ಳುವಂತೆಯೇ ಇಲ್ಲ.

ವಿಶೇಷ ವಿಷಯ ಆರಿಸುವ ಮೊದಲು ಇನ್ನೊಂದು ಕೆಲಸ ಮಾಡಿ. ಪ್ರತಿ ಜಾಗದಲ್ಲೂ ಒಂದು ಪೂರ್ತಿ ದಿನ ಕೂತು ಬನ್ನಿ. ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚು, ಸಿಡಿಪಿಒ ಕಚೇರಿಯ ವರಾಂಡ, ಶಿಫ್ಟ್ ಬಿಡುವ ಹೊತ್ತಿನ ಗಾರ್ಮೆಂಟ್ಸ್ ಗೇಟು, ಊರಿನ ಸಂಘದ ಸಭೆ. ಸುಮ್ಮನೆ ನೋಡಿ. ಎಲ್ಲಿ ಎದ್ದು ಹೋಗಬೇಕೆನಿಸಿತು, ಎಲ್ಲಿ ಹೊತ್ತು ಹೋಗಿದ್ದು ಗೊತ್ತಾಗಲಿಲ್ಲ, ಮನೆಗೆ ಬಂದು ಬರೆದಿಡಿ. ಮನೆಯ ಲೆಕ್ಕದ ಹಾಳೆಯ ಪಕ್ಕ ಅದನ್ನು ಇಟ್ಟುಕೊಂಡು ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ.

ಸಿಂಧನೂರಿನ ಹುಡುಗಿಗೂ ಇದನ್ನೇ ಹೇಳಿದೆ. ಲೆಕ್ಕ ಹಾಕಿದಳು. ಅಪ್ಪನಿಗೆ ನಾಲ್ಕು ಎಕರೆ ನೀರಾವರಿ ಇದೆ, ಸಾಲ ತೀರುತ್ತಾ ಬಂದಿದೆ, ಎರಡು ವರ್ಷ ಅವಳ ದುಡ್ಡಿಗೆ ಮನೆಯಲ್ಲಿ ಯಾರೂ ಕಾಯುವುದಿಲ್ಲ. ಗುರುವಾರ ರಾತ್ರಿ ತಮ್ಮ ಓಣಿಯ ಸಂಘದ ಸಭೆಗೆ ಹೋಗಿದ್ದಳಂತೆ. ಅವಳ ಅವ್ವ ಒಂಬತ್ತು ವರ್ಷದಿಂದ ಆ ಸಂಘದಲ್ಲಿದ್ದಾಳೆ. ಮಗಳು ಒಳಗೆ ಬಂದು ಕೂತಿದ್ದು ಅದೇ ಮೊದಲು. "ನಮ್ಮವ್ವ ಸಭಾದಾಗ ಅಷ್ಟ ಜೋರ ಮಾತಾಡ್ತಾಳಂತ ನನಗ ಗೊತ್ತೇ ಇರ್ಲಿಲ್ರಿ ಅಕ್ಕಾ" ಅಂದಳು. ಮುಂದಿನ ಸೋಮವಾರ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಾಳೆ.